ಹಳದಿ ತೋಟಾ

ನಗಬೇಡ ಭಾವ. ಇಪ್ಪತ್ತು ಬೋರಿನ ಕೋವಿ ಹೆಂಗಸರಿಗೆ ಅಂತ ಈ ಅಂಗಡಿ ತೆರೆದಾಗಿಂದ ಹೇಳ್ತಿದ್ದೀಯ. ನಿನ್ನ ಹೆಂಡತಿ ಅದರಲ್ಲೇ ನಿನಗಿಂತ ಜಾಸ್ತಿ ಹಕ್ಕಿ ಉರುಳಿಸ್ತಾಳೆ. ಕೊಡಿತ್ಲಾಗೆ... ಹಾಂ. ಹಗುರ ಇದೆ. ನನ್ನ ಹನ್ನೆರಡು ಬೋರಿಂದು ಮಧ್ಯಾಹ್ನದ ತನಕ ಹೊತ್ತರೆ ಭುಜ ಬಿದ್ದುಹೋಗುತ್ತೆ. ಬೇರೇನಿಲ್ಲ. ಭುಜ ಅಷ್ಟೇ.

ಇಪ್ಪತ್ತೆಂಟಾ? ಬೇಡಪ್ಪ. ನಂಬರು ದೊಡ್ಡದಾದಷ್ಟೂ ನಳಿಗೆ ಸಣ್ಣ, ಅದರಲ್ಲಿ ಎಷ್ಟು ಚರೆಗುಂಡು ಹಿಡಿಸುತ್ತೆ? ನಮ್ಮ ಡಕೋಟ ರಾಜ್ಯದ ಫೆಸೆಂಟ್ ಕೋಳಿ ಹುಂಜ ಚರೆ ತಿಂದ್ಕೊಂಡೂ ಓಡೋ ಜಾತಿ.

ಏನು ಹಾಗೆ ನೋಡ್ತೀಯ? ನಿನ್ನ ತಂಗಿ ಫೋನ್ ಮಾಡಿದ್ಲಾ? ಶನಿವಾರ ಎಲ್ಲರೂ ಜೋಳದ ಹೊಲದಲ್ಲಿ ಹಕ್ಕಿ ಎಬ್ಬಿಸ್ತಾ ಸಾಲಾಗಿ ನಡೀವಾಗ ನೀನು ಬದುವಲ್ಲಿ ಮುದುಕರ ಜೊತೆ ನಿಂತ್ಕೋ ಅಂತಾಳೆ. ನಾನು ನಿಲ್ಲಲ್ಲ. ಸಾಲಲ್ಲೇ ನಡೀತೀನಿ.

ಗೊತ್ತು, ಗೊತ್ತು. ಇಪ್ಪತ್ತರ ತೋಟಾ ಹನ್ನೆರಡರ ನಳಿಗೆಗೆ ಹೋದ್ರೆ ಒಳಗೆ ಜಾರಿ ಸಿಕ್ಕೊಳ್ಳುತ್ತೆ, ಹಿಂದಿಂದ ಇನ್ನೊಂದು ತುಂಬಿ ಹೊಡೆದ್ರೆ ನಳಿಗೆ ಸಿಡಿಯುತ್ತೆ. ಅದಕ್ಕೇ ಇಪ್ಪತ್ತರದಕ್ಕೆ ಹಳದಿ ಬಣ್ಣ. ನನಗೇ ಪಾಠ ಹೇಳ್ತೀಯಾ? ನಾನು ಬಣ್ಣ ನೋಡೋದೇ ಇಲ್ಲ, ದಪ್ಪ ತೆಳ್ಳಗೆ ಬೆರಳಿಗೇ ಗೊತ್ತಾಗುತ್ತೆ. ಈ ಜೇಬಲ್ಲಿ ಮೊನ್ನೆ ನಿನ್ನ ಹತ್ರ ತಗೊಂಡ ಹಳದಿ ಒಂದಿದೆ, ನನ್ನ ಹನ್ನೆರಡರ ಹಳೇ ಕೆಂಪು ಒಂದಿದೆ. ನೋಡದೇ ತೆಗೀತೀನಿ, ನೋಡ್ತಿರು.

...ತಗೋ. ಹಳದಿ.

ಕೋವಿ ಯಾಕೆ ವಾಪಸ್ ತಗೊಂಡೆ? ಮುಖ ನೋಡಿ ಮಾತಾಡು, ಕೈ ಏನು ನೋಡ್ತೀಯ...

ಓ. ಕೆಂಪು.

...

ಆಗಸ್ಟಿಂದ ಹೀಗೆ. ಬೆರಳು ಆಡುತ್ತೆ, ಆದ್ರೆ ಏನು ಮುಟ್ಟಿದ್ರೂ ಗೊತ್ತಾಗಲ್ಲ. ಮೊನ್ನೆ ಕೊಟ್ಟಿಗೇಲಿ ಕೋವಿಯ ಟ್ರಿಗರ್ ಮೇಲೆ ಬೆರಳಿರೋದು ನನಗೇ ತಿಳೀಲಿಲ್ಲ. ಗುಂಡು ಹಾರಿದ ಮೇಲೆ ನೋಡ್ಕೊಂಡೆ. ಸೂರು ತೂತಾಯ್ತು ಅಷ್ಟೇ, ಯಾರಿಗೂ ಏನಾಗಲಿಲ್ಲ. ಹಗುರದ್ದು ಹಿಡಿದ್ರೆ ಸರಿಹೋಗುತ್ತೇನೋ ಅಂದ್ಕೊಂಡೆ... ದುಃಖಾನೂ ಆಗ್ತಿಲ್ಲ ಕಣೋ. ಅದೂ ಮರಗಟ್ಟಿದೆಯೋ ಏನೋ.

ಒಳಗಿಡು ಅದನ್ನ. ಬೀಗ ಹಾಕು. ಮನೇಲಿರೋ ನಂದೂ ಸಂಜೆ ಬಂದು ತಗೊಂಡು ಹೋಗು.

ಆದ್ರೆ ಶನಿವಾರ ಸಾಲಲ್ಲೇ ನಡೀತೀನಿ, ಬರೀ ಕೋಲು ಹಿಡ್ಕೊಂಡು. ಕಾನೂನಿನ ಪ್ರಕಾರ ಹೇಂಟೆ ಹೊಡೆಯೋ ಹಾಗಿಲ್ವಲ್ಲ, ಎದ್ದಿದ್ದು ಹುಂಜಾನೋ ಹೇಂಟೇನೋ ಅಂತ ಯಾರಾದ್ರೂ ಹೇಳ್ಬೇಕಲ್ಲ. 'ಹುಂಜ' ಅಂತ ಕೂಗೋಕೆ ಬೆರಳು ಬೇಕಿಲ್ಲ.

ಅದಕ್ಕಾದ್ರೂ ಹೂಂ ಅನ್ನು, ಭಾವ.