ದೂರಕ್ಕೆ ಕೊಟ್ಟ ಅಂಕ

ಇವತ್ತು ಎಂಬತ್ತನಾಲ್ಕನೇ ಇಸವಿ ಮೇ ಹದಿನಾಲ್ಕು, ಸೋಮವಾರ. ಅರ್ಜಿ ಕಳಿಸೋಕೆ ಕೊನೇ ದಿನ. ಇಲ್ಲ ಜಗದಾಂಬಾ, ಇನ್ನೂ ಕಳಿಸಿಲ್ಲ. ಅದಕ್ಕೇ ಬಂದೆ. ಪೋಸ್ಟ್ ಆಫೀಸಲ್ಲಿ ನಾಲ್ಕು ಗಂಟೆವರೆಗೆ ರಿಜಿಸ್ಟರ್ ತಗೋತಾರೆ.

ನಗಬೇಡ ಕಣೇ. ಬಿ.ಎಸ್‌ಸಿ. ಮಾಡಿದೋನು ಮಿಷನರಿ ಆಗೋಕೆ ಓದಬಾರದಾ? ಹೈಸ್ಕೂಲಿನಿಂದಲೂ ಹೇಳ್ತಾನೇ ಇದೀನಿ. ನಿಮ್ಮಪ್ಪ ಆಗಿನಿಂದ ನನ್ನನ್ನ ಪಾದ್ರಿ ಅಂತಲೇ ಕರೆಯೋದು. ಈಗಲೂ ಗೇಟ್ ಹತ್ರ, "ಏನಪ್ಪ ಪಾದ್ರಿ, ಊಟ ಆಯ್ತಾ?" ಅಂದ್ರು. ಆಯ್ತು ಅಂದೆ. ಸುಳ್ಳು. ನಿಮ್ಮಮ್ಮನಿಗೆ ಹೇಳಬೇಡ, ಎಲೆ ಹಾಕಿಬಿಡ್ತಾರೆ.

ಈ ಗ್ರಾಫ್ ಹಾಳೆ ನೋಡು. ಮೂರು ಕಾಲೇಜು. ಒಂದು ಇಲ್ಲೇ, ಬೆಂಗಳೂರಲ್ಲಿ. ಒಂದು ಮದರಾಸು. ಒಂದು ಕಲ್ಕತ್ತೆ ಕಡೆ. ನಮ್ಮ ಚರ್ಚಿನವರು ಶಿಫಾರಸು ಪತ್ರ ಕೊಡೋದು ಒಂದಕ್ಕೇ. ಹಾಗಾಗಿ ಅಂಕ ಹಾಕಿದೆ. ಲೈಬ್ರರಿ, ಊಟ, ಪಾಠ, ಹಾಸ್ಟೆಲು, ದೂರ. ಒಂದೊಂದಕ್ಕೂ ಹತ್ತು. ಊರಿನದಕ್ಕೆ ಮೂವತ್ತೊಂದು. ಮದರಾಸಿನದಕ್ಕೆ ಇಪ್ಪತ್ತೆರಡೇ. ಕಲ್ಕತ್ತೆಯದಕ್ಕೆ ಮೂವತ್ತನಾಲ್ಕು. ಲೆಕ್ಕ ಮುಗೀತು, ಕಲ್ಕತ್ತೆ.

ಅಲ್ಲಿ ಬರೀ ಮೀನು, ನಾನು ಮೀನು ತಿನ್ನಲ್ಲ, ಗೊತ್ತು. ಊಟಕ್ಕೆ ಮೂರೇ ಕೊಟ್ಟಿದೀನಲ್ಲ.

ದೂರಕ್ಕಾ? ಹತ್ತಕ್ಕೆ ಹತ್ತು... ಊರಿನದಕ್ಕೆ ಸೊನ್ನೆ. ಯಾಕೆ ಹಾಗೆ ನೋಡ್ತೀಯ? ತಿರುವುಮುರುವು ಏನಿಲ್ಲ. ಮಿಷನರಿ ಆಗೋನು ಮನೆ ಬಿಟ್ಟಿರೋದು ಕಲೀಬೇಕು. ಬಸ್ಸಲ್ಲಿ ಓಡಾಡ್ಕೊಂಡು, ಭಾನುವಾರ ನಿಮ್ಮನೆಗೆ ಬಂದು ಮುದ್ದೆ ತಿಂದ್ಕೊಂಡು ಇದ್ರೆ ಏನು ಕಲಿತ ಹಾಗಾಯ್ತು?

ಇಂಕಾ? ಕಪ್ಪು ಇಂಕು ಖಾಲಿ ಆಯ್ತು. ದೂರದ ಕಾಲಂ ಮಾತ್ರ ನೀಲಿ.

ನಿನ್ನೆ ಬರೆದೆ. ನಿನ್ನೆ ಸಂಜೆ. ಹೌದು, ಬಸವೇಶ್ವರನಗರದವರು ನಿನ್ನ ನೋಡ್ಕೊಂಡು ಹೋದಮೇಲೆ. ಅದಕ್ಕೂ ಇದಕ್ಕೂ ಏನು ಸಂಬಂಧ? ಅವರಿಗೆ ಬಾಳೆಹಣ್ಣು ತಂದುಕೊಟ್ಟೋನು ನಾನೇ. ಹುಡುಗ ಒಳ್ಳೇವನು. ಬ್ಯಾಂಕ್ ಕೆಲಸ. ನಿಮ್ಮ ಜನವೇ. ನೀನು ಏನು ಹೇಳಿದೆ ಅಂತ ನಾನು ಕೇಳಿಲ್ಲ. ಕೇಳೋದೂ ಇಲ್ಲ.

ಏನಾದ್ರೂ ಹೇಳು, ಜಗದಾ.

ಹಾಳೆ ಯಾಕೆ ಮಡಚ್ತೀಯ? ದೂರದ ಕಾಲಂ ಕಾಣಿಸಲ್ಲ ಈಗ... ಪೆನ್ಸಿಲ್ ಯಾಕೆ? ಲ್ಯಾಬಲ್ಲೂ ನೀನು ಹೀಗೇ ಮಾಡ್ತಿದ್ದೆ. ಮೂರು ವರ್ಷ ಒಂದೇ ಬೆಂಚು. ನನ್ನ ರೀಡಿಂಗ್ ತಪ್ಪಾದ್ರೆ ಬಾಯಿ ಬಿಡ್ತಿರಲಿಲ್ಲ, ಪೆನ್ಸಿಲ್ ಮುಂದೆ ಇಡ್ತಿದ್ದೆ.

ಸರಿ. ಮತ್ತೆ ಕೂಡ್ತೀನಿ. ಎಂಟು, ಏಳು, ಒಂಬತ್ತು, ಏಳು... ಇದು ಒಂಬತ್ತು, ಮೂರು, ಎಂಟು, ನಾಲ್ಕು.

ಊರಿನದು ಮೂವತ್ತೊಂದು. ಕಲ್ಕತ್ತೆಯದು ಇಪ್ಪತ್ತನಾಲ್ಕು.