ಹಿತ್ತಲಿಗೆ ಬಂದ ಟ್ರ್ಯಾಕ್ಟರ್

ದೊಡ್ಡಸ್ತಿಕೆ ಅಂದರೆ ಏನು ಅಂತ ನಿನ್ನೆಯ ಪ್ರವಚನದಲ್ಲಿ ಇದೇ ಗದ್ದುಗೆಯ ಮೇಲೆ ಕೂತು ಕೇಳಿದ್ದೆ. ಯಾರೂ ಉತ್ತರ ಕೊಡಲಿಲ್ಲ, ಎಲ್ಲರೂ ಎದ್ದು ಪ್ರಸಾದಕ್ಕೆ ಹೋದಿರಿ. ಇರಲಿ, ಇವತ್ತು ಒಂದು ದೃಷ್ಟಾಂತ ಹೇಳುತ್ತೇನೆ. ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ರಾಜ ಇಲ್ಲ, ಋಷಿ ಇಲ್ಲ. ಒಂದು ಟ್ರ್ಯಾಕ್ಟರ್ ಇದೆ. ಮುಂದಿನ ಸಾಲಿನಲ್ಲಿ ಟ್ರ್ಯಾಕ್ಟರ್ ಶೋರೂಮಿನ ಚನ್ನವೀರಪ್ಪನವರು ಕೂತಿದ್ದಾರೆ. ನಮ್ಮ ಆಶ್ರಮದ ಕಮಿಟಿಗೆ ಅವರೇ ಅಧ್ಯಕ್ಷರು, ಇವತ್ತಿನ ದಾಸೋಹವೂ ಅವರದೇ. ಅವರಿಗೆ ಶರಣು. ಊಟ ಅವರದು, ಮಾತು ಈ ಅಕ್ಕನದು.

ಒಂದು ಊರು. ಊರಿನ ಹೆಸರು ಬೇಡ, ಹೇಳಿದರೆ ನಿಮ್ಮಲ್ಲಿ ಯಾರಿಗೋ ಬೀಗರ ಊರಾಗಿರುತ್ತದೆ. ಆ ಊರಿನ ಅಂಚಿನಲ್ಲಿ ಹೊಸ ಬಡಾವಣೆ, ಅಲ್ಲೊಬ್ಬ ಶ್ರೀಮಂತ. ಅವನಿಗೂ ಹೆಸರು ಬೇಡ, ಶ್ರೀಮಂತ ಅಂದರೆ ಸಾಕು, ಅವನಿಗೂ ಅದೇ ಇಷ್ಟ. ಆದರೆ ಇಂಥ ಕಥೆಗಳಲ್ಲಿ ಹೆಂಡತಿ ಯಾವಾಗಲೂ 'ಅವನ ಹೆಂಡತಿ' ಆಗಿಯೇ ಉಳಿಯುತ್ತಾಳೆ. ನಾನು ಹಾಗೆ ಮಾಡುವುದಿಲ್ಲ. ಅವಳ ಹೆಸರು ಗುರುಬಸವ್ವ.

ಶ್ರೀಮಂತ ಮನೆ ಕಟ್ಟಿಸಿದ. ಎಂಥ ಮನೆ! ಮುಂದೆ ಕಂಬ, ಕಂಬದ ಮೇಲೆ ಸಿಂಹ. ವಾಸ್ತು ಹೇಳುವವನನ್ನು ಕರೆಸಿ, ಗೇಟು ಎಲ್ಲಿ ಇರಬೇಕು, ಎಷ್ಟು ಅಗಲ ಇರಬೇಕು, ನಲ್ಲಿ ಯಾವ ಮೂಲೆ, ಪಾಯಿಖಾನೆ ಗುಂಡಿ ಯಾವ ಮೂಲೆ, ಎಲ್ಲವನ್ನೂ ಕೇಳಿ ಕಟ್ಟಿಸಿದ. ಮನೆಯ ಹಿಂದೆ ಕಾಲು ಎಕರೆಯೂ ಇಲ್ಲದ ಹಿತ್ತಲು. ಅದರ ನಡುವೆ ಒಂದು ನಿಂಬೆ ಗಿಡ, ಗೋಡೆ ಪಕ್ಕ ನೀರಿನ ಪೈಪು, ವಾಯವ್ಯ ಮೂಲೆಯಲ್ಲಿ ಆ ಗುಂಡಿ. ಗೃಹಪ್ರವೇಶದ ದಿನ ಬೀಗರ ಕಣ್ಣಿಗೆ ಬೀಳಬಾರದು ಅಂತ ಗುಂಡಿಯ ಚಪ್ಪಡಿಯ ಮೇಲೆ ಗರಸು ಸುರಿದು, ಮಣ್ಣು ಹರವಿ, ಗುರುತೇ ಸಿಗದ ಹಾಗೆ ಮುಚ್ಚಿಸಿದ. ನೋಡಿ, ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಮುಚ್ಚಿಸಿದವನು ಮರೆತ. ನೀವು ಮರೆಯಬೇಡಿ.

ಗುರುಬಸವ್ವನಿಗೆ ಸಿಂಹ ಬೇಕಿರಲಿಲ್ಲ, ಕಂಬ ಬೇಕಿರಲಿಲ್ಲ. ಅವಳಿಗೆ ಆ ಹಿತ್ತಲು ಬೇಕಿತ್ತು. ಮದುವೆಯಾಗಿ ಬಂದಂದಿನಿಂದ ಬಾಡಿಗೆ ಮನೆಗಳಲ್ಲಿ ಡಬ್ಬಿಯೊಳಗೆ ಕೊತ್ತಂಬರಿ ಬೆಳೆದವಳು ಅವಳು. ತನ್ನ ನೆಲ, ತನ್ನ ಕೈ, ಮೆಂತ್ಯ, ಹುಳಿಸೊಪ್ಪು, ಒಂದಿಷ್ಟು ಹೂವು. ಬೇರೆ ಏನನ್ನೂ ಅವಳು ಗಂಡನ ಹತ್ತಿರ ಕೇಳಿದವಳಲ್ಲ. ಕಟ್ಟಡದ ಕಲ್ಲು ಇಟ್ಟಿಗೆ ಬಿದ್ದು, ಲಾರಿ ಓಡಾಡಿ ನೆಲ ಗಟ್ಟಿಯಾಗಿತ್ತು, ಸಲಿಕೆ ಹಾಕಿದರೆ ಠಣ್ ಅನ್ನುತ್ತಿತ್ತು. ಓಣಿಯ ಮಹಿಳಾ ಸಂಘದ ಹತ್ತಿರ ಕೈ ಟಿಲ್ಲರ್ ಒಂದಿತ್ತು. ನೋಡಿದ್ದೀರಲ್ಲ? ಮುಂದೆ ಇಂಜಿನ್ನು, ಕೆಳಗೆ ತಿರುಗುವ ಬ್ಲೇಡು, ಹಿಂದೆ ಎರಡು ಹಿಡಿ. ಹಿಡಿ ಹಿಡಿದು ಹಿಂದೆ ನಡೆಯಬೇಕು, ಅಷ್ಟೇ.

ಅವಳು ಗಂಡನಿಗೆ ಅಂದಳು, "ಸಂಘದ್ದು ಸಣ್ಣ ಟಿಲ್ಲರ್ ತರಸೂಣ್ರಿ. ನಮ್ಮ ಹಿತ್ತಲಕ್ಕ ಅದ ಸಾಕು. ನಾನ ಹೊಡಿತೀನಿ."

ಶ್ರೀಮಂತ ನಕ್ಕ. ಹೇಗೆ ನಕ್ಕ ಅಂದರೆ, ಹೊರಗೆ ಕೂತ ಗೆಳೆಯರನ್ನು ಒಳಗೆ ಕರೆದು, ಅವಳ ಮಾತನ್ನು ಅವರಿಗೂ ಹೇಳಿ, ಅವರನ್ನೂ ನಗಿಸಿದ. "ಏ, ನನ್ನ ಮನಿ ಹಿತ್ತಲ ಹರಗಾಕ ಆ ಆಟಗಿ ಸಾಮಾನ? ಟ್ರ್ಯಾಕ್ಟರ್ ತರ್ತೀನಿ, ಹಿಂದ ಮಣ್ಣ ಪುಡಿ ಮಾಡೂ ರೋಟಾವೇಟರ್ ಕಟ್ಟಸ್ತೀನಿ. ಓಣಿ ಮಂದಿ ನಿಂತು ನೋಡ್ಬೇಕು!"

ಕೇಳಿದಿರಾ? ಓಣಿಯ ಮಂದಿ ನಿಂತು ನೋಡಬೇಕು. ಮೆಂತ್ಯ ಬೆಳೆಯಬೇಕು ಅಂತ ಅವನು ಅನ್ನಲಿಲ್ಲ.

ಗುರುಬಸವ್ವ ಎರಡನೇ ಸಲ ಹೇಳಿದಳು. "ಗೇಟಿನಾಗ ಟ್ರ್ಯಾಕ್ಟರ್ ಹಿಡ್ಯಾಂಗಿಲ್ರಿ. ಬಂದ್ರೂ ತಿರುಗಾಕ ಜಾಗ ಎಲ್ಲೈತಿ?" ಉತ್ತರ ಏನು ಬಂತು ಗೊತ್ತೇ? "ನಿನಗೇನ್ ತಿಳಿತೈತಿ, ಸುಮ್ಮನ ಕುಂದ್ರು." ಹಿಂದೆ ಕೂತ ತಾಯಂದಿರೇ, ಈ ಮಾತನ್ನು ನೀವು ಎಲ್ಲೂ ಕೇಳಿಲ್ಲ ಅಲ್ಲವೇ? ನಿಮ್ಮ ಮನೆಗಳಲ್ಲಿ ಯಾರೂ ಹೀಗೆ ಅನ್ನುವುದೇ ಇಲ್ಲ. ನಗಬೇಡಿ, ನಗುವ ಮಾತಲ್ಲ ಇದು. ನನಗೆ ಇದನ್ನು ಹೇಳುವಾಗಲೇ ಸಿಟ್ಟು ಬರುತ್ತದೆ.

ಟ್ರ್ಯಾಕ್ಟರ್ ಬಂತು. ಒಳ್ಳೆಯ ದಿನ ನೋಡಿ ತಂದ, ಬಾಳೆಕಂದು ಕಟ್ಟಿ, ಮಾಲೆ ಹಾಕಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿಸಿದ. ನೆಂಟರಿಗೆಲ್ಲ ಹೋಳಿಗೆ ಊಟದ ಆಮಂತ್ರಣ. ನಿಂಬೆಹಣ್ಣು ಪಚಕ್ಕೆಂದು ಒಡೆಯಿತು, ಎಲ್ಲರೂ ಚಪ್ಪಾಳೆ ಹೊಡೆದರು, ಟ್ರ್ಯಾಕ್ಟರ್ ಗೇಟಿನವರೆಗೆ ಬಂದು ನಿಂತಿತು. ಯಾಕೆ ನಿಂತಿತು? ಗೇಟಿನಲ್ಲಿ ಹಿಡಿಯಲಿಲ್ಲ! ಪೂಜೆಗೆ ಮುಹೂರ್ತ ನೋಡಿದವನು ಗೇಟಿಗೆ ಒಂದು ಕೋಲು ಅಡ್ಡ ಹಿಡಿದು ಅಳತೆ ನೋಡಿರಲಿಲ್ಲ.

ಆಗಲಾದರೂ ಬುದ್ಧಿ ಬರಬೇಕೋ ಬೇಡವೋ? ಗೇಟನ್ನು ಅಗಲ ಮಾಡೋಣ ಅಂದರೆ ವಾಸ್ತು ಕೆಡುತ್ತದೆ. ಹಾಗಾಗಿ ಹಿಂದಿನ ಗೋಡೆಯನ್ನು ಒಡೆಸಿದ. ಹೊಸ ಗೋಡೆ, ಬಣ್ಣ ಇನ್ನೂ ಮಾಸಿರಲಿಲ್ಲ. ನೆಂಟರು ಕುರ್ಚಿ ಎತ್ತಿಕೊಂಡು ಮುಂದಿನಿಂದ ಹಿಂದಕ್ಕೆ ಬಂದರು. ಶ್ರೀಮಂತ ಡ್ರೈವರನ್ನು ಇಳಿಸಿ, ತಲೆಗೆ ಪಟಕಾ ಸುತ್ತಿಕೊಂಡು ತಾನೇ ಏರಿ ಕೂತ. ಫೋಟೋ ತೆಗೆಸಿಕೊಂಡ. ಅಲ್ಲಿಂದ ನೋಡಿದರೆ ಹೆಂಡತಿ ಸಣ್ಣದಾಗಿ ಕಂಡಿರಬೇಕು.

ಹೊಡೆದ. ಟ್ರ್ಯಾಕ್ಟರ್ ಮುಂದೆ ಹೋಗುವುದು ಚೂರು, ತಿರುಗುವುದಕ್ಕೆ ಹಿಂದೆ ಮುಂದೆ ಮಾಡುವುದೇ ಬಹಳ. ಮೂಲೆಗಳಿಗೆ ಹೋಗಲಿಲ್ಲ, ಗೋಡೆಯ ಪಕ್ಕಕ್ಕೆ ಬರಲಿಲ್ಲ. ಬಂದ ಕಡೆಯಲ್ಲೆಲ್ಲ ಬ್ಲೇಡು ಮಣ್ಣನ್ನು ಸಡಿಲಿಸಿತು, ಮರುಸುತ್ತಿನಲ್ಲಿ ಗಾಲಿ ಅದನ್ನೇ ತುಳಿದು ಗಟ್ಟಿ ಮಾಡಿತು. ನಿಂಬೆ ಗಿಡದ ಒಂದು ಕಡೆಯ ಬೇರು ಹರಿಯಿತು. ನೀರಿನ ಪೈಪು ಒಡೆದು ಕಾರಂಜಿ ಎದ್ದಿತು. ನೆಂಟರ ಮಕ್ಕಳಿಗೆ ಹಬ್ಬ, ಟ್ರ್ಯಾಕ್ಟರಿನ ಹಿಂದೆ ಕುಣಿಯುತ್ತಾ ಓಡಿದರು. ಟ್ರ್ಯಾಕ್ಟರ್ ವಾಯವ್ಯ ಮೂಲೆಯ ಕಡೆ ತಿರುಗಿತು.

ಗುರುಬಸವ್ವ ಅದನ್ನು ನೋಡಿದಳು. ಅವಳಿಗೆ ಗೊತ್ತಿತ್ತು. ದಿನಾ ಹಿತ್ತಲಲ್ಲಿ ಪಾತ್ರೆ ತೊಳೆಯುವವಳು, ಅರಿವೆ ಒಣಗಿಸುವವಳು, ಗುಂಡಿಯ ಮೇಲೆ ಕಾಲಿಡದೆ ಸುತ್ತು ಹಾಕಿ ನಡೆಯುವವಳು ಅವಳು. ಓಡಿದಳು. ಗಂಡನ ಕಡೆ ಅಲ್ಲ, ಮೊದಲು ಮಕ್ಕಳ ಕಡೆ. ಸಿಕ್ಕವರ ಕೈ ಹಿಡಿದು, ಉಳಿದವರನ್ನು ಗದರಿಸಿ ಗೋಡೆಯಾಚೆ ಅಟ್ಟಿದಳು. ಆಮೇಲೆ ತಿರುಗಿ, ಎರಡೂ ಕೈ ಎತ್ತಿ ಜೋರಾಗಿ ಬೀಸಿದಳು. ಬ್ಯಾಡ್ರಿ, ಬ್ಯಾಡ್ರಿ! ಇಂಜಿನ್ನಿನ ಸದ್ದಿನಲ್ಲಿ ಯಾವ ಮಾತು ಕೇಳಬೇಕು? ಮೇಲೆ ಕೂತವನು ನೋಡಿದ. ಹೆಂಡತಿಗೆ ಕೊನೆಗೂ ಖುಷಿಯಾಯಿತು ಅಂದುಕೊಂಡ. ತಾನೂ ಕೈ ಎತ್ತಿ ಬೀಸಿದ!

ಆಮೇಲೆ ಚಪ್ಪಡಿ ಮುರಿಯಿತು.

ಹಿಂದಿನ ಗಾಲಿ ಇಳಿಯಿತು, ಟ್ರ್ಯಾಕ್ಟರ್ ಒಂದು ಕಡೆ ಕುಸಿದು ಕೂತಿತು. ಶ್ರೀಮಂತ ಸೀಟಿನಿಂದ ಜಾರಿ ಸೊಂಟದವರೆಗೆ ಒಳಗೆ ಹೋದ. ಯಾವುದರ ಒಳಗೆ? ತಾನೇ ಮುಚ್ಚಿಸಿದ್ದರ ಒಳಗೆ. ಜೀವಕ್ಕೆ ಏನೂ ಆಗಲಿಲ್ಲ, ಎಳೆದು ತೆಗೆದರು. ವಾಸನೆ ಓಣಿಗೆಲ್ಲ ಹರಡಿತು. ನೆಂಟರು ಸೆರಗು, ಟವೆಲ್ಲು ಮೂಗಿಗೆ ಹಿಡಿದು ಹೋಳಿಗೆ ಮುಟ್ಟದೆ ಹೊರಟರು. ಓಣಿಯ ಮಂದಿ ಮಾತ್ರ ನಿಂತು ನೋಡಿದರು. ಅವನು ಕೇಳಿಕೊಂಡದ್ದೂ ಅದನ್ನೇ ಅಲ್ಲವೇ?

ಈಗ ನೀವು ನಕ್ಕಿರಿ. ನಗಿ, ಬೇಡ ಅನ್ನುವುದಿಲ್ಲ. ಆದರೆ ಕಥೆ ಮುಗಿದಿಲ್ಲ. ಮರುದಿನ ಕ್ರೇನು ಬಂದು ಟ್ರ್ಯಾಕ್ಟರನ್ನು ಎತ್ತಿತು. ಗುಂಡಿಗೆ ಹೊಸ ಚಪ್ಪಡಿ ಬಿತ್ತು. ಶ್ರೀಮಂತ ಕೋಣೆ ಸೇರಿ ಬಾಗಿಲು ಹಾಕಿಕೊಂಡು, ಯಾರದೋ ಕಣ್ಣು ಬಿತ್ತು ಅಂತ ಗೊಣಗುತ್ತಿದ್ದ. ಹಿತ್ತಲಲ್ಲಿ ಗುರ್ ಅಂತ ಸದ್ದು ಕೇಳಿತು. ಕಿಟಕಿ ತೆರೆದರೆ ಗುರುಬಸವ್ವ! ಸಂಘದ ಕೈ ಟಿಲ್ಲರ್ ತಂದಿದ್ದಾಳೆ, ಸೆರಗು ಸಿಕ್ಕಿಸಿದ್ದಾಳೆ, ಹಿಡಿ ಹಿಡಿದು ನಿಂತಿದ್ದಾಳೆ. ಒಡೆದ ಗೋಡೆಯಾಚೆ ನಿನ್ನೆಯ ಅದೇ ಮಂದಿ.

ಅವನು ಹೊರಗೆ ಓಡಿ ಬಂದ. "ನಿಂದ್ರಸು! ನನ್ನ ಮನಿ ಹೆಣ್ಣಮಗಳು ಮಂದಿ ಮುಂದ ಮಷೀನ್ ಹಿಂದ ನಡಿಯೂದಂದ್ರ ನನ್ನ ಮರ್ಯಾದಿ ಏನಾಗಬೇಕು?"

ಅವಳು ನಿಲ್ಲಿಸಲಿಲ್ಲ. ಇಂಜಿನ್ನಿನ ಸದ್ದು ತಗ್ಗಿಸಿದಳು, ಅಷ್ಟೇ. "ನಿಮ್ಮ ಮರ್ಯಾದಿ ಎಲ್ಲಿ ಬಿತ್ತಂತ ಮಂದಿ ನಿನ್ನೆನ ನೋಡ್ಯಾರ. ಇವತ್ತು ನನ್ನ ಕೆಲಸ ನೋಡ್ಲಿ ಬಿಡ್ರಿ."

"ನಾ ಬ್ಯಾಡಂದ್ರೂ?"

"ನಾ ಎರಡು ಸಲ ಬ್ಯಾಡಂದೆ, ನೀವು ಕೇಳಿದ್ರೇನು? ಸರೀರಿ ಅತ್ತಾಗ, ಕಾಲಿಗೆ ಬಡದೀತು."

ಸರಿದ. ಏನು ಮಾಡುತ್ತಾನೆ, ಬ್ಲೇಡು ತಿರುಗುತ್ತಿದೆ! ಅವಳು ಮೊದಲ ಸುತ್ತು ಮೇಲೆ ಮೇಲೆ ಕೆರೆದಳು, ಎರಡನೇ ಸುತ್ತಿಗೆ ಆಳ ಮಾಡಿದಳು. ಕಲ್ಲು ಸಿಕ್ಕಾಗ ನಿಲ್ಲಿಸಿ, ಬಗ್ಗಿ, ಎತ್ತಿ ಎಸೆದಳು. ನಿಂಬೆ ಗಿಡದ ಬುಡದ ಹತ್ತಿರ ಬಂದಾಗ ಹಿಡಿ ತಿರುಗಿಸಿ ದೂರ ಸರಿದಳು. ಟ್ರ್ಯಾಕ್ಟರ್ ಮುಟ್ಟದ ಮೂಲೆಗಳಿಗೆಲ್ಲ ಹೋದಳು. ಸುಲಭವಾಗಿತ್ತೇ? ಇಲ್ಲ. ಟ್ರ್ಯಾಕ್ಟರಿನ ಗಾಲಿ ತುಳಿದ ಕಡೆ ಮಷೀನು ಮೇಲಕ್ಕೆ ಹಾರುತ್ತಿತ್ತು. ಅಂಗೈಯಲ್ಲಿ ಬೊಬ್ಬೆ ಎದ್ದವು, ತೋಳು ನಡುಗಿದವು. ಆ ಮಳೆಗಾಲಕ್ಕೆ ಮೆಂತ್ಯ ಹಾಕಿದಳು. ಗಾಲಿ ಹೋದ ಸಾಲಿನಲ್ಲಿ ಮೆಂತ್ಯ ಸರಿಯಾಗಿ ಏಳಲೇ ಇಲ್ಲ. ಉಳಿದ ಕಡೆ ಎದ್ದಿತು.

ಶ್ರೀಮಂತನ ಮನಸ್ಸು ಬದಲಾಯಿತೇ ಅಂತ ಕೇಳುತ್ತೀರಿ. ಬೇರೆ ಪ್ರವಚನದವರಾದರೆ ಬದಲಾಯಿತು, ಹೆಂಡತಿಯ ಕೈ ಹಿಡಿದು ಅತ್ತ ಅಂತ ಹೇಳುತ್ತಾರೆ. ನಾನು ಹೇಳುವುದಿಲ್ಲ. ಅವನು ಬದಲಾಗುವವರೆಗೆ ಅವಳು ಕಾಯಲಿಲ್ಲ, ನಾನು ಹೇಳಬೇಕಾದದ್ದು ಅದು. ಮೆಂತ್ಯದ ಪಲ್ಯ ಮಾತ್ರ ಅವನು ಎರಡು ಸಲ ಹಾಕಿಸಿಕೊಂಡು ಉಂಡ.

ಚನ್ನವೀರಪ್ಪನವರೇ, ಎದ್ದು ಹೋಗಬೇಡಿ, ಕೂತುಕೊಳ್ಳಿ. ಟ್ರ್ಯಾಕ್ಟರ್ ಕೆಟ್ಟದ್ದು ಅಂತ ನಾನು ಹೇಳಲಿಲ್ಲ. ಹತ್ತು ಎಕರೆ ಎರೆಹೊಲ ಇದ್ದವನು ಕೈ ಟಿಲ್ಲರ್ ತಂದರೆ ಅವನೂ ದಡ್ಡನೇ. ನೆಲ ಎಷ್ಟಿದೆ, ದಾರಿ ಎಷ್ಟಗಲ ಇದೆ, ತಿರುಗುವುದಕ್ಕೆ ಜಾಗ ಇದೆಯೇ, ಹಿಡಿ ಹಿಡಿಯುವವರು ಯಾರು, ಇದನ್ನು ನೋಡಿ ತರಬೇಕು. ಯಾರು ನೋಡುತ್ತಾರೆ ಅಂತ ನೋಡಿ ತರಬಾರದು. ನೀವು ಮನೆಗೆ ಏನೆಲ್ಲ ತರುತ್ತೀರಿ! ಸೊಸೆಯ ಕೈ ಎಟುಕದಷ್ಟು ಎತ್ತರದ ಒಲೆಕಟ್ಟೆ ಕಟ್ಟಿಸುತ್ತೀರಿ, ಅವಳ ಎತ್ತರಕ್ಕೆ ಸರಿಯಿದೆಯೇ ಅಂತ ಕೇಳುವುದಿಲ್ಲ. ಮುದುಕಿ ತಾಯಿಗೆ ಜಾರುವ ನುಣುಪು ನೆಲ ಹಾಕಿಸುತ್ತೀರಿ, ಬಂದವರು ಹೊಳಪು ನೋಡಿ ಹೊಗಳಬೇಕು. ಕೆಲಸ ಮಾಡುವವರು ಒಬ್ಬರು, ತೀರ್ಮಾನ ಮಾಡುವವರು ಇನ್ನೊಬ್ಬರು. ಇದು ದೊಡ್ಡಸ್ತಿಕೆಯಲ್ಲ, ಎತ್ತರದ ಸೀಟು ಅಷ್ಟೇ.

ಇನ್ನು ನಮ್ಮ ಹಿತ್ತಲಿಗೆ ಬರೋಣ. ಹೌದು, ಈ ಆಶ್ರಮದ ಹಿತ್ತಲು. ದಾಸೋಹದ ಸೊಪ್ಪು ಬೆಳೆಯುವ ಜಾಗ. ಅಲ್ಲಿ ಹುಲ್ಲುಹಾಸು ಮಾಡಬೇಕು, ಟ್ರ್ಯಾಕ್ಟರಿನಲ್ಲಿ ಹರಗಬೇಕು, ಟ್ರ್ಯಾಕ್ಟರ್ ಒಳಗೆ ಬರಲು ಹಿಂದಿನ ಕಲ್ಲಿನ ಬಾಗಿಲು ಒಡೆಯಬೇಕು ಅಂತ ಕಮಿಟಿ ತೀರ್ಮಾನ ಮಾಡಿದೆ. ನಾಳೆ ಬೆಳಿಗ್ಗೆ ಕೆಲಸ ಶುರು. ಆ ಬಾಗಿಲು ಗಿಡ್ಡದು, ನಮ್ಮ ಹಿರಿಯ ಗುರುಗಳು ಬೇಕೆಂದೇ ಗಿಡ್ಡ ಕಟ್ಟಿಸಿದ್ದು. ಬಡವ ಬರಲಿ, ಮಂತ್ರಿ ಬರಲಿ, ತಲೆ ಬಾಗಿಸಿಯೇ ಪ್ರಸಾದಕ್ಕೆ ಹೋಗಬೇಕು. ಆ ಹಿತ್ತಲಲ್ಲಿ ಬೆವರು ಸುರಿಸುವವಳು ನಮ್ಮ ಅಡುಗೆ ಮನೆಯ ಫಕೀರವ್ವ. ಫಕೀರವ್ವಾ, ಎಲ್ಲಿದ್ದೀ? ಎದ್ದು ನಿಲ್ಲು. ನಿನ್ನನ್ನು ಕಮಿಟಿಯವರು ಒಂದು ಮಾತು ಕೇಳಿದರೇನವ್ವಾ?

ಏನು? ಕೇಳಿಸಲಿಲ್ಲ. ನಿನ್ನ ಹತ್ತಿರ ಮೈಕಿಲ್ಲ, ಗಟ್ಟಿಯಾಗಿ ಹೇಳು. ಕೇಳಿದಿರಾ ಎಲ್ಲರೂ? "ಯಾರೂ ಕೇಳಿಲ್ರೀ ಅಕ್ಕಾರ" ಅಂತಾಳೆ. ನಿನಗೆ ಏನು ಬೇಕವ್ವಾ? "ಆ ಸಣ್ಣ ಮಷೀನ್ ತರಸ್ರಿ, ನಾವ ನಾಕ ಮಂದಿ ಹೆಂಗಸರು ಹೊಡಿತೀವಿ. ಬಾಗಲ ಒಡಿಬ್ಯಾಡ್ರಿ." ಕೂತುಕೋ ತಾಯಿ. ಇವತ್ತಿನ ಪ್ರವಚನ ನೀನೇ ಮಾಡಿದಂತಾಯಿತು.

ಮನೆಗೆ ಹೋಗಿ ಏನು ಮಾಡಬೇಕು, ಹೇಳುತ್ತೇನೆ. ಗಂಡಸರೇ, ಮನೆಗೆ ಒಂದು ಸಾಮಾನು ತರುವ ಮೊದಲು, ಒಂದು ಗೋಡೆ ಕಟ್ಟುವ ಮೊದಲು, ಒಡೆಯುವ ಮೊದಲು, ಅಲ್ಲಿ ಕೈ ಹಾಕಿ ದುಡಿಯುವವರ ಎದುರು ಕೂತು ಕೇಳಿ. ಸುಮ್ಮನೆ ಕುಂದ್ರು ಅನ್ನುವ ಮಾತನ್ನು ಈ ಸಭಾಂಗಣದಲ್ಲೇ ಬಿಟ್ಟು ಹೋಗಿ. ಹೆಂಗಸರೇ, ನೀವು ಒಂದು ಸಲ ಹೇಳಿ ಸುಮ್ಮನಾಗುತ್ತೀರಿ, ಒಲೆಯ ಮುಂದೆ ಕೂತು ಅಳುತ್ತೀರಿ. ಎರಡನೇ ಸಲ ಹೇಳಿ. ಆಗಲೂ ಕೇಳದಿದ್ದರೆ ಗುರುಬಸವ್ವನ ಹಾಗೆ ಹಿಡಿ ಹಿಡಿದು ಶುರು ಮಾಡಿ.

ಕಮಿಟಿಯವರೇ, ನಿಮ್ಮ ತೀರ್ಮಾನದ ವಿಷಯ ನನ್ನನ್ನೂ ನೀವು ಕೇಳಲಿಲ್ಲ. ಗೊತ್ತಾದ ದಿನವೇ ಬೇಡ ಅಂದೆ, ಅದನ್ನೂ ಕೇಳಲಿಲ್ಲ. ಇವತ್ತು ನಾನು ನಿಮಗೆ ಎರಡನೇ ಸಲ ಹೇಳುತ್ತಿದ್ದೇನೆ, ಆ ಬಾಗಿಲು ಒಡೆಯಬೇಡಿ. ಬೇಕಾದರೆ ನನ್ನನ್ನು ಗದ್ದುಗೆಯಿಂದ ಇಳಿಸಿ, ನಾಳೆಯಿಂದ ಬೇರೆಯವರ ಪ್ರವಚನ ಇಡಿಸಿ. ಬೆಳಿಗ್ಗೆ ಟ್ರ್ಯಾಕ್ಟರ್ ಬರಲಿ. ಆ ಗಿಡ್ಡ ಬಾಗಿಲಿನ ಹೊಸ್ತಿಲ ಮೇಲೆ ನಾನು ಕೂತಿರುತ್ತೇನೆ, ಪಕ್ಕದಲ್ಲಿ ಫಕೀರವ್ವ ಇರುತ್ತಾಳೆ. ಬಂದವರು ಒಳಗೆ ಬರಬಹುದು, ತಲೆ ಬಾಗಿಸಿದರೆ ಸಾಕು. ಟ್ರ್ಯಾಕ್ಟರಿಗೆ ಬಾಗುವುದು ಬರುವುದಿಲ್ಲ. ನಾಳೆ ಒಂದು ದಿನ, ನನಗೂ ಬರುವುದಿಲ್ಲ.