ಮುರಾರಿ ರಾಯರ ಹಲಗೆ

ವಾಲಧುನಿ ಹೊಳೆ ಉಕ್ಕುತ್ತಿದೆ, ಕೆಳಗಿನ ಮನೆಯವರೆಲ್ಲ ಮೇಲೆ ಹೋಗಿ ಎಂದು ರಿಕ್ಷಾವೊಂದು ಮೈಕಿನಲ್ಲಿ ಕೂಗಿಕೊಂಡು ಹೋದ ಸಂಜೆ, ಕಲ್ಯಾಣದ ನಮ್ಮ ಚಾಳಿನ ಕೆಳಗಿನವರೆಲ್ಲ ರೇಷನ್ ಕಾರ್ಡು, ಔಷಧಿ, ಟಾರ್ಚು, ಅವಲಕ್ಕಿ ಡಬ್ಬ ಹಿಡಿದುಕೊಂಡು ಮೊದಲ ಮಾಳಿಗೆಯ ಗ್ಯಾಲರಿಗೆ ಬಂದು ಕುಳಿತೆವು. ಕರೆಂಟು ತೆಗೆದಿದ್ದರು. ಮಳೆ ತಗಡಿನ ಮೇಲೆ ಒಂದೇ ಸಮನೆ ಹೊಡೆಯುತ್ತಿತ್ತು. ನಮಗಿದು ಪ್ರತಿ ವರ್ಷದ ಅಭ್ಯಾಸ, ಯಾರಿಗೂ ಅಂಥ ಗಾಬರಿಯಿರಲಿಲ್ಲ. ಬಾಗಿ ಅಜ್ಜಿ ಗೋಡೆಗೊರಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಮೂಲ್ಕಿ ಕಡೆಯಿಂದ ಮದುವೆಯಾಗಿ ಈ ಚಾಳಿಗೆ ಬಂದವರು. ಯಾರ ಮುಲಾಜೂ ಇಲ್ಲದ ಬಾಯಿ ಅವರದು.

ಆಗ ಕೆಳಗಿನ ಹೋಟೆಲಿನ ರಿತೇಶ ಮೆಟ್ಟಿಲು ಹತ್ತಿ ಬಂದ. ಹೋಟೆಲನ್ನು ಅವನು ವಹಿಸಿಕೊಂಡು ಇನ್ನೂ ವರ್ಷವಾಗಿಲ್ಲ. ಅವನ ಕೆಲಸದವರೂ ನಮ್ಮ ಜೊತೆಗೇ ಕೂತಿದ್ದರು.

"ಮಾಲಾ, ಚಲ್," ಎಂದ, ಹಿಟ್ಟು ರುಬ್ಬುವವಳನ್ನು ಕರೆದು. "ಹಿಂದಿನ ರೂಮಿನ ಉದ್ದಿನ ಗೋಣಿ ಎಲ್ಲ ಅಟ್ಟಕ್ಕೆ ಹಾಕು. ನೀನು ಒಳಗೆ ಹೋದ ಕೂಡಲೇ ನಾನು ಕಿಚನ್ ಕಡೆಯಿಂದ ಬಾಗಿಲಿಗೆ ಹಲಗೆ ಹಾಕ್ತೇನೆ. ಇಲ್ಲಾಂದ್ರೆ ಮೋರಿ ನೀರು ಸೀದಾ ಗಿರಾಕಿ ಕೂರುವ ಹಾಲಿಗೇ ಬರ್ತದೆ. ಕೆಲಸ ಆದ ಮೇಲೆ ಫೋನ್ ಮಾಡು, ತೆಗೀತೇನೆ. ಟೆನ್ಶನ್ ನಹೀ."

ಮಾಲಾ ಎದ್ದಳು. ಅಜ್ಜಿ ಅವಳ ಕೈ ಹಿಡಿದು ಎಳೆದು ಕೂರಿಸಿದರು.

"ಕೂತ್ಕೋ ನೀನು. ರಿತೇಶ, ನೀನೂ ಕೂತ್ಕೋ. ನೀರು ಇನ್ನೂ ರಸ್ತೆಗೇ ಬರ್ಲಿಲ್ಲ, ಗಡಿಬಿಡಿ ಎಂತದು ಮಾರಾಯ? ಆ ಹಲಗೆಯ ಕತೆ ಕೇಳಿ ಆಮೇಲೆ ಹೋಗು.

"ನಿನಗಿಂತ ಎಷ್ಟೋ ವರ್ಷ ಮೊದ್ಲು ಆ ಹೋಟೆಲು ಉಡುಪಿಯ ಮುರಾರಿ ರಾಯರದ್ದು. ಬಾಗಿಲಿಗೆ ಹಲಗೆ ಹಾಕಿ ಸಂದಿಗೆ ಮೈದಾ ಮೆತ್ತುವ ಉಪಾಯ ಈ ಗಲ್ಲಿಗೆ ಕಲಿಸಿದ್ದೇ ಅವರು. ಪರೋಟಾದ ಹಿಟ್ಟಿಗಿಂತ ಗಟ್ಟಿಯಾಗಿ ಎಣ್ಣೆ ಹಾಕಿ ಕಲಸುದು, ಹೆಬ್ಬೆರಳಲ್ಲಿ ಒತ್ತಿ ಒತ್ತಿ ತುಂಬುದು... ಮತ್ತೆ ಒಂದು ಹನಿ ಒಳಗೆ ಬಂದ್ರೆ ಕೇಳಿ! ಹಿಂದಿನ ರೂಮು ಗೊತ್ತುಂಟಲ್ಲ ನಿಮಗೆ? ಎರಡು ಮೆಟ್ಟಿಲು ಕೆಳಗೆ, ಹೊರಗೆ ಹೋಗ್ಲಿಕ್ಕೆ ಬಾಗಿಲಿಲ್ಲ, ಒಂದು ಕಬ್ಬಿಣದ ಜಾಲಿಯ ಕಿಟಕಿ ಮಾತ್ರ. ನೀರು ಮೊದ್ಲು ಏಳುದು ಅಲ್ಲಿಯ ಮೋರಿಯಿಂದ. ಅದಕ್ಕೆ ರಾಯರು ಅಡಿಗೆಮನೆಗೂ ಆ ರೂಮಿಗೂ ನಡುವಿನ ಬಾಗಿಲಿಗೆ ತಲೆಯವರೆಗೂ ಹಲಗೆ ಮಾಡಿಸಿದ್ರು. ಚಿಲಕ ಅಡಿಗೆಮನೆ ಕಡೆಗೆ.

"ಆಗ ಅಲ್ಲಿ ರುಬ್ತಾ ಇದ್ದದ್ದು ಸತ್ಯಮ್ಮ, ಕಲಬುರ್ಗಿಯವಳು. ಗಂಡ ಸೈದಪ್ಪ ಉಲ್ಹಾಸನಗರದಲ್ಲಿ ಹಮಾಲಿ ಮಾಡ್ತಿದ್ದ. ಒಂದು ಜುಲೈಯಲ್ಲಿ ಹೀಗೇ ಮಳೆ, ಹೀಗೇ ಮೈಕು, ಹೀಗೇ ಗೋಣಿ ಎತ್ತಿಡು ಅಂತ ಅವಳನ್ನು ಒಳಗೆ ಕಳಿಸಿ ರಾಯರು ಹಲಗೆ ಹಾಕಿದ್ರು, ಮೈದಾ ಮೆತ್ತಿದ್ರು... ಮೋರಿ ಉಕ್ಕಿತು. 'ರಾಯರ, ಹಲಗಿ ತೆಗೀರಿ, ನೀರು ಏರಾಕತ್ತೈತಿ' ಅಂತ ಅವಳು ಬಡಿದಳು. 'ತಡಿ ಸತ್ಯಮ್ಮ, ಈಗ ತೆಗೆದ್ರೆ ಹಾಲಿನ ಕುರ್ಚಿ ಮೇಜೆಲ್ಲ ಹಾಳಾಗ್ತದೆ, ನೀರು ಇಳೀಲಿ' ಅಂದ್ರು ಇವರು. ಅವಳು ಬಡಿದ ಹಾಗೆಲ್ಲ ಹಲಗೆ ಅಲುಗಿ ಸಂದಿ ಬಿಡ್ತಿತ್ತು, ಇವರು ಇನ್ನೊಂದು ಮುದ್ದೆ ಮೈದಾ ಮೆತ್ತುದು... ಅವಳು ಬಡಿಯುದು, ಇವರು ಮೆತ್ತುದು... ಕಡೆಗೆ ಬಡಿಯುದು ನಿಂತಿತು. ಹಾಲಿನ ಒಂದು ಕುರ್ಚಿಯ ಕಾಲು ಸಹ ಒದ್ದೆ ಆಗ್ಲಿಲ್ಲ!

"ನಿನಗೆ ಹೇಗೆ ಗೊತ್ತು ಅಂತ ಕೇಳ್ತೀರಾ? ನಾನು ಆಗ ಸೀವುಡ್ಸಿನಲ್ಲಿ ಮಗಳ ಬಾಣಂತನಕ್ಕೆ ಹೋಗಿದ್ದೆ. ವಾಪಸ್ ಬಂದ ಮೇಲೆ, ರಾಯರಿಗೆ ಜ್ವರ ಅಂತ ಗಂಜಿ ತೆಗೊಂಡು ಹೋದ್ರೆ, ಮಲಗಿದಲ್ಲೇ ಎಲ್ಲ ಬಡಬಡಿಸಿದ್ರು. ಊರಿಗೆ ಹೇಳಿದ್ದು ಬೇರೆ, ಚೀಲ ತರ್ಲಿಕ್ಕೆ ಅವಳೇ ಒಳಗೆ ಹೋದಳು ಅಂತ. ನಾನು ಸೈದಪ್ಪನಿಗೆ ಹೇಳಿದೆ, ಪೊಲೀಸಿನವರಿಗೂ ಹೇಳಿದೆ. ಜ್ವರದ ಮಾತು ಬಿಡಿ ಅಂದ್ರು. ಗಂಜಿ ಮಾತ್ರ ನಾನು ಮೋರಿಗೆ ಚೆಲ್ಲಿದೆ.

"ಮರುವರ್ಷ ಹೇಳಿಕೊಳ್ಳುವಂಥ ಮಳೆಯೇ ಇಲ್ಲ. ರಸ್ತೆಯಲ್ಲಿ ಪಾದ ಮುಳುಗುವಷ್ಟು ನೀರು, ಅಷ್ಟೆ. ಆದ್ರೂ ರಾಯರು ಹೆದರಿ ಎಲ್ಲ ಬಾಗಿಲಿಗೂ ಹಲಗೆ ಹಾಕಿ, ಮೆತ್ತಿಕೊಂಡು, ಒಬ್ಬರೇ ಹಾಲಿನಲ್ಲಿ ಮಲಗಿದ್ರು. ಬೆಳಿಗ್ಗೆ ಎಷ್ಟು ಕರೆದ್ರೂ ಉತ್ತರ ಇಲ್ಲ. ಗಂಡಸರು ಕೊಡಲಿ ತಂದು ಹಲಗೆ ಒಡೆದ್ರು... ಒಳಗಿದ್ದ ನೀರು ಧಬಕ್ಕಂತ ಬಂದು ಅವರನ್ನೇ ಕೆಡವಿತು! ಆಳೆತ್ತರ ನೀರು! ಎಲ್ಲಿಂದ ಬಂತು ಹೇಳಿ? ಹೊಳೆ ನೀರು ಕೆಂಪು ಅಲ್ವಾ? ಇದು ಬೆಳ್ಳಗೆ... ಉದ್ದು ತೊಳೆದ ನೀರಿನ ಹಾಗೆ. ಅದರ ಹಿಂದೆ ರಾಯರು ತೇಲಿ ಬಂದ್ರು. ಬಾಯಿ ತುಂಬ ಮೈದಾ... ಒತ್ತಿ ಒತ್ತಿ ತುಂಬಿದ್ದು. ಹೆಬ್ಬೆರಳಿನ ಗುರುತು ಕಾಣ್ತಿತ್ತು, ಸಣ್ಣ ಬೆರಳು, ಹೆಂಗಸಿನದ್ದು. ನನಗೆ ಖುಷಿ ಆಯ್ತು. ಹೌದು, ಖುಷಿಯೇ. ಸುಳ್ಳು ಯಾಕೆ ಹೇಳ್ಲಿ?"

ರಿತೇಶ ನಗಲು ನೋಡಿದ. "ಅರೇ ಅಜ್ಜಿ, ಭೂತ್ ವೂತ್ ಕುಛ್ ನಹೀ. ಹಲಗೆ ಹಾಕದೆ ಇಲ್ಲಿ ಧಂದಾ ಮಾಡ್ಲಿಕ್ಕೆ ಆಗ್ತದಾ?"

"ಹಾಕ್ಬೇಡ ಅಂದೆನಾ ನಾನು? ಗಲ್ಲಿಯಲ್ಲಿ ಎಲ್ಲರೂ ಹಾಕ್ತಾರೆ. ಆದ್ರೆ ಮೊದ್ಲು ಒಳಗಿದ್ದವರನ್ನೆಲ್ಲ ಹೆಸರು ಹಿಡಿದು ಹೊರಗೆ ಕರೀತಾರೆ. ಕಡೆಗೆ 'ಸತ್ಯಮ್ಮಾ, ನೀನೂ ಬಾ' ಅಂತ ಕರೀತಾರೆ. ಆಮೇಲೇ ಚಿಲಕ. ಅಂಥವರ ತಂಟೆಗೆ ಅವಳು ಇವತ್ತಿನವರೆಗೆ ಹೋಗ್ಲಿಲ್ಲ. ನೀನು ಮಾಲಾನನ್ನು ಕಳಿಸಿದ್ರೂ ಅವಳಿಗೆ ಏನೂ ಆಗುದಿಲ್ಲ, ಸತ್ಯಮ್ಮ ಕೈಹಿಡಿದು ದಾಟಿಸ್ತಾಳೆ. ನನಗೆ ಹೆದರಿಕೆ ನಿನ್ನದು ಮಾತ್ರ ಮಗಾ... ಅದೂ ಹೆಚ್ಚಿಲ್ಲ."

"ನಾ ಒಳಗ ಹೋಗಂಗಿಲ್ರಿ ಸೇಟ್," ಎಂದಳು ಮಾಲಾ. ಅವಳ ದನಿ ಗಟ್ಟಿಯಾಗಿತ್ತು.

"ಮತ್ ಜಾ! ನಾನೇ ಎತ್ತಿಡ್ತೇನೆ," ಎಂದು ರಿತೇಶ ಟಾರ್ಚು ಕಸಿದುಕೊಂಡು ಮೆಟ್ಟಿಲಿಳಿಯತೊಡಗಿದ. ಅರ್ಧಕ್ಕೇ ನಿಂತ. ಕೆಳಗೆ ಕತ್ತಲೆಯ ಹೋಟೆಲಿನಿಂದ ಸದ್ದು ಬರುತ್ತಿತ್ತು. ಕಲ್ಲಿನ ಮೇಲೆ ಯಾರೋ ಹಿಟ್ಟನ್ನು ಎತ್ತಿ ಬಡಿದು ನಾದುತ್ತಿದ್ದರು. ಅವನು ತಿರುಗಿ ತನ್ನ ಕೆಲಸದವರ ಮುಖಗಳನ್ನು ಒಂದೊಂದಾಗಿ ನೋಡಿದ. ಎಲ್ಲರೂ ಇಲ್ಲೇ ಇದ್ದರು.

ಬಾಗಿ ಅಜ್ಜಿ ಎಲೆ ಮಡಚಿ ಬಾಯಿಗಿಟ್ಟುಕೊಂಡರು.

"ಹೋಗುದಾದ್ರೆ ಹೋಗು ಮಗಾ... ಅವಳು ಜಾಸ್ತಿ ಕಲಸುದಿಲ್ಲ. ಒಂದು ಬಾಯಿಗೆ ಎಷ್ಟು ಬೇಕೋ, ಅಷ್ಟೇ."